ನೋವು ಎಲ್ಲಿದೆ

ನಮ್ಮ ಶಾಲೆಯ ಎಂಟನೇ ತರಗತಿಯ ಕರಿಹಲಗೆಯನ್ನು ಗೋಡೆಗೆ ತುಸು ಎತ್ತರದಲ್ಲಿ ಕೂರಿಸಿದ್ದಾರೆ. ಮೇಲಿನ ಎಡಮೂಲೆಯಲ್ಲಿ ವಾರ, ತಾರೀಖು ಬರೆಯಬೇಕೆಂದರೆ ನಾನು ತುದಿಗಾಲಲ್ಲಿ ನಿಲ್ಲಬೇಕು. ಹತ್ತೊಂಬತ್ತು ವರ್ಷ ಹಾಗೆ ನಿಂತು ಬರೆದಿದ್ದೇನೆ. ತುದಿಗಾಲಲ್ಲಿ ನಿಲ್ಲುತ್ತಿದ್ದೇನೆ ಎಂಬುದೇ ಆವರೆಗೆ ಗಮನಕ್ಕೆ ಬಂದಿರಲಿಲ್ಲ. ಜನವರಿಯ ಒಂದು ಸೋಮವಾರ ಚಾಕ್‌ಪೀಸು ಹಿಡಿದು ಹಿಮ್ಮಡಿ ಎತ್ತಲು ಹೋದೆ. ಬಲಗಾಲು ಎದ್ದಿತು, ಎಡಗಾಲು ಏಳಲಿಲ್ಲ. ನೋವಿಗೆ ಹೆದರಿ ನಾನೇ ಎತ್ತದೆ ಉಳಿದದ್ದಲ್ಲ; ಏಳು ಎಂದದ್ದು ಆ ಕಾಲಿಗೆ ಕೇಳಿಸಲೇ ಇಲ್ಲ. ತಾರೀಖನ್ನು ಹಲಗೆಯ ನಡುವೆ ಬರೆದು ಪಾಠ ಶುರು ಮಾಡಿದೆ. ಮುಂದಿನ ಬೆಂಚಿನ ಹುಡುಗಿ ಒಮ್ಮೆ ಹಲಗೆಯನ್ನೂ ಒಮ್ಮೆ ನನ್ನನ್ನೂ ನೋಡಿದಳು.

ಅದಕ್ಕೆ ಹನ್ನೆರಡು ದಿನ ಮೊದಲು, ಬೆಳಗಿನ ಐದೂವರೆಗೆ, ಹಾಲು ಉಕ್ಕುವ ಮೊದಲೇ ಗ್ಯಾಸು ಮುಗಿದಿತ್ತು. ಶಿವಮೊಗ್ಗದ ಜನವರಿ ಚಳಿ. ತುಂಬಿದ ಸಿಲಿಂಡರು ಹಿತ್ತಿಲ ಬಾಗಿಲ ಮೂಲೆಯಲ್ಲಿತ್ತು. ಒಳಗಿನ ಗ್ಯಾಸು 14.2 ಕಿಲೋ, ಕಬ್ಬಿಣದ ಮೈಯದ್ದು ಸುಮಾರು ಅಷ್ಟೇ. ಎರಡೂ ಸೇರಿ ಮೂವತ್ತು ಕಿಲೋದ ಹತ್ತಿರ. ಯಾವಾಗಲೂ ಅದನ್ನು ಓರೆ ಮಾಡಿ ಅಂಚಿನ ಮೇಲೆ ಉರುಳಿಸಿಕೊಂಡು ತರುತ್ತಿದ್ದೆ. ಆ ದಿನ ರಾತ್ರಿಯೆಲ್ಲ ಕೆಮ್ಮಿ ಆಗಷ್ಟೇ ಕಣ್ಣು ಮುಚ್ಚಿದ್ದ ಅತ್ತೆಗೆ ಸದ್ದಾಗಬಾರದೆಂದು ಬಗ್ಗಿ ಎರಡೂ ಕೈಯಲ್ಲಿ ಎತ್ತಿ, ಬಾಗಿಲ ಕಡೆಗೆ ಮೈ ತಿರುಗಿಸಿದೆ. ಸೊಂಟದೊಳಗೆ ಏನೋ ಜಾರಿದಂತಾಯಿತು. ಕಾಫಿ ಮಾಡಿದೆ, ಬಸ್ಸು ಹಿಡಿದೆ, ಐದು ಪೀರಿಯಡ್ಡು ಪಾಠ ಮಾಡಿದೆ. ನಾಲ್ಕನೆಯ ದಿನ ಒಂದು ಸೀನು ಬಂತು. ಸೊಂಟದಿಂದ ಎಡಪೃಷ್ಠ, ತೊಡೆಯ ಹಿಂಭಾಗ, ಮೀನಖಂಡ, ಪಾದದ ಹೊರ ಅಂಚು, ಹೀಗೆ ಕಿರುಬೆರಳಿನ ತನಕ ಕರೆಂಟು ಹರಿದಂತೆ ನೋವು ಇಳಿಯಿತು. ಗೋಡೆ ಹಿಡಿದು ನಿಂತೆ. ನನ್ನ ಮೈಯೊಳಗೆ ಇಷ್ಟುದ್ದದ ಒಂದು ದಾರಿ ಇದೆ ಎಂದು ನನಗೆ ತಿಳಿದದ್ದು ಆಗಲೇ.

ಕನ್ನಡದಲ್ಲಿ ಈ ಜಾಗಕ್ಕೆ ಎಷ್ಟು ಹೆಸರು! ಸೊಂಟ, ನಡು, ಟೊಂಕ, ಕಟಿ. ದೊಡ್ಡ ಕೆಲಸಕ್ಕೆ ಇಳಿಯುವವರು ಟೊಂಕ ಕಟ್ಟುತ್ತಾರೆ, ಕಷ್ಟ ಬಂದವರಿಗೆ ನಡು ಮುರಿಯುತ್ತದೆ. ಮನೆಯ ನಡುವಿನ ಕೋಣೆ ನಡುಮನೆ, ರಾತ್ರಿಯ ನಡುವು ನಡುರಾತ್ರಿ. ಮೈಯ ನಡುವಿಗೂ ಅದೇ ಮಾತು. ಎಲ್ಲವೂ ಇದರ ಮೇಲೆ ನಿಂತಿದೆ ಎಂದು ಮಾತು ಕಟ್ಟಿದವರಿಗೆ ಗೊತ್ತಿತ್ತು. ತೀರ್ಥಹಳ್ಳಿ ಕಡೆಯ ನಮ್ಮೂರಲ್ಲಿ ಸೊಂಟ 'ಹಿಡಿಯುತ್ತದೆ' ಅಥವಾ 'ಉಳುಕುತ್ತದೆ'. ಹಿಡಿದರೆ ಬಿಸಿನೀರು, ಎಣ್ಣೆ. ಉಳುಕಿದರೆ, ಕಾಲು ಮುಂದಾಗಿ ಹುಟ್ಟಿದ ಮಗುವನ್ನು ಕರೆಸಿ ತುಳಿಸುವುದು. ಅಂಥ ಒಬ್ಬ ಹುಡುಗ ನಮ್ಮ ಕೇರಿಯಲ್ಲಿದ್ದ. ದೊಡ್ಡವರು ಜಗಲಿಯಲ್ಲಿ ಬೋರಲು ಮಲಗಿ, ಅವನ ಪುಟ್ಟ ಪಾದ ಸೊಂಟಕ್ಕೆ ತಾಗುವುದನ್ನು ಕಾಯುತ್ತಿದ್ದರು. ತುಳಿತದಿಂದ ಏನಾಗುತ್ತಿತ್ತೋ, ಆದರೆ ಆ ಹೊತ್ತು ಅವರು ಬೋರಲು ಮಲಗಿ ಉಸಿರು ಬಿಡುತ್ತಿದ್ದರು ಎಂಬುದು ಈಗ ಮತ್ತೆ ಮತ್ತೆ ನೆನಪಾಗುತ್ತದೆ. ಆಯುರ್ವೇದ ಕಾಲಿಗಿಳಿಯುವ ಈ ನೋವನ್ನು ಗೃಧ್ರಸಿ ಎಂದು ಕರೆಯಿತು. ಗೃಧ್ರ ಎಂದರೆ ಹದ್ದು. ನೋವಿನವರ ನಡಿಗೆ ನೆಲದ ಮೇಲೆ ನಡೆಯುವ ಹದ್ದಿನ ಹಾಗೆ. ಆ ದಿನಗಳಲ್ಲಿ ಸ್ಟಾಫ್ ರೂಮಿನಿಂದ ತರಗತಿಗೆ ಒಂದು ಪಕ್ಕಕ್ಕೆ ವಾಲಿ ಹೋಗುವಾಗ, ಈ ಹೆಸರಿಟ್ಟವರು ರೋಗಿಯನ್ನು ಎಷ್ಟು ಹೊತ್ತು ಕೂತು ನೋಡಿರಬೇಕು ಎನಿಸುತ್ತಿತ್ತು.

ಮೂಳೆ ಡಾಕ್ಟರು ಮಲಗಿಸಿ ಎಡಗಾಲನ್ನು ಮಂಡಿ ಬಗ್ಗದ ಹಾಗೆ ಮೇಲೆತ್ತಿದರು. ಹಾಸಿಗೆಯಿಂದ ಒಂದು ಮೊಳ ಏಳುವಷ್ಟರಲ್ಲಿ ಕೂಗಿಕೊಂಡೆ. ಸಣ್ಣ ಸುತ್ತಿಗೆಯಿಂದ ಹಿಮ್ಮಡಿಯ ಮೇಲಿನ ಸ್ನಾಯುರಜ್ಜುವಿಗೆ ತಟ್ಟಿದಾಗ ಬಲಪಾದ ಚಿಮ್ಮಿತು, ಎಡಪಾದ ಸುಮ್ಮನಿತ್ತು. ಆಮೇಲೆ ಅವರು ಬಹಳ ಗಂಭೀರವಾಗಿ ಮೂರು ಪ್ರಶ್ನೆ ಕೇಳಿದರು: ಮೂತ್ರ ಕಟ್ಟುವುದೋ ಗೊತ್ತಾಗದೆ ಹೋಗುವುದೋ ಇದೆಯಾ, ಕೂತುಕೊಳ್ಳುವ ಜಾಗ ಮತ್ತು ತೊಡೆಸಂದು ಜೋಮು ಹಿಡಿದಿದೆಯಾ, ಕಾಲಿನ ಶಕ್ತಿ ದಿನದಿಂದ ದಿನಕ್ಕೆ ಇಳಿಯುತ್ತಿದೆಯಾ. ಮೊದಲ ಎರಡರಲ್ಲಿ ಒಂದಕ್ಕೆ ಹೌದೆಂದರೂ ಇವತ್ತೇ ಆಸ್ಪತ್ರೆಗೆ ಸೇರಬೇಕಿತ್ತು ಎಂದರು. ಈ ಪ್ರಶ್ನೆಗಳನ್ನು ಇಲ್ಲಿ ಬರೆಯುವುದಕ್ಕೆ ಕಾರಣವಿದೆ. ನಮ್ಮಲ್ಲಿ ಹೆಂಗಸರು ಇವನ್ನು ಯಾರ ಹತ್ತಿರವೂ ಹೇಳಿಕೊಳ್ಳುವುದಿಲ್ಲ, ಮತ್ತು ಇಲ್ಲಿ ಒಂದೊಂದು ಗಂಟೆಯೂ ಲೆಕ್ಕಕ್ಕೆ ಬರುತ್ತದೆ. ನನಗೆ ಮೂರೂ ಇರಲಿಲ್ಲ. ಆರು ವಾರ ಫಿಸಿಯೋಥೆರಪಿ ಮಾಡಿ, ಕಾಲಿನ ಬಲ ಇನ್ನೂ ಇಳಿದರೆ ತಡಮಾಡದೆ ಬನ್ನಿ, ಇಲ್ಲವಾದರೆ ಆಮೇಲೆ ಆಪರೇಷನ್ನಿನ ಮಾತು ಎಂದರು.

ಎಂಆರ್‌ಐ ವರದಿಯಲ್ಲಿ ಎಲ್5-ಎಸ್1 ಎಂದಿತ್ತು. ಸೊಂಟದ ಐದು ಮೂಳೆಗಳಲ್ಲಿ ಕೊನೆಯದು, ಅದರ ಕೆಳಗಿನ ತ್ರಿಕಾಸ್ಥಿ, ಎರಡರ ನಡುವೆ ಇರುವ ಡಿಸ್ಕು. ಡಿಸ್ಕಿನ ಸುತ್ತ ಒಂದರ ಮೇಲೊಂದು ಅಡ್ಡಡ್ಡ ನೇಯ್ದ ಗಟ್ಟಿ ಪದರಗಳು, ಒಳಗೆ ಲೋಳೆಯಂಥ ತಿರುಳು. ಹೋಳಿಗೆ ತಟ್ಟುವಾಗ ಒಂದು ಕಡೆಯೇ ಬೆರಳು ಒತ್ತಿದರೆ ಎದುರಂಚಿನಲ್ಲಿ ಕಣಕ ಹರಿದು ಹೂರಣ ಇಣುಕುತ್ತದಲ್ಲ, ಹಾಗೆ. ಮುಂದಕ್ಕೆ ಬಗ್ಗಿದಾಗ ಒತ್ತಡ ಮುಂದೆ, ತಿರುಳು ಹಿಂದಕ್ಕೆ. ಹಿಂದೆ ಕಾಲಿಗೆ ಹೋಗುವ ನರದ ಬೇರು. ಕಾಲಿನ ನೋವಿಗೂ ಡಿಸ್ಕಿಗೂ ಇರುವ ಈ ನಂಟನ್ನು ಬಾಸ್ಟನ್ನಿನ ಮಿಕ್ಸ್ಟರ್ ಮತ್ತು ಬಾರ್ ಎಂಬ ಇಬ್ಬರು ಶಸ್ತ್ರವೈದ್ಯರು ಬರೆದು ಎಲ್ಲರಿಗೂ ಒಪ್ಪಿಸಿದ್ದು 1934ರಲ್ಲಿ. ಸಾವಿರಾರು ವರ್ಷ ಮನುಷ್ಯರು ಈ ನೋವು ತಿಂದಿದ್ದಾರೆ. ಅದರ ಮೂಲ ತಿಳಿದು ಇನ್ನೂ ನೂರು ವರ್ಷವಾಗಿಲ್ಲ.

ಬೆಳಗಿನ ಐದೂವರೆಯ ಗುಟ್ಟೂ ತಿಳಿಯಿತು. ಡಿಸ್ಕಿನ ಒಳಗೆ ರಕ್ತನಾಳವಿಲ್ಲ. ಹಗಲೆಲ್ಲ ಮೈಭಾರಕ್ಕೆ ನೀರು ಬಿಟ್ಟು, ರಾತ್ರಿ ಮಲಗಿದಾಗ ಅದು ಮತ್ತೆ ಹೀರಿಕೊಳ್ಳುತ್ತದೆ. ಅದಕ್ಕೇ ನಾವೆಲ್ಲ ಸಂಜೆಗಿಂತ ಬೆಳಿಗ್ಗೆ ಒಂದು ಸೆಂಟಿಮೀಟರಿಗಿಂತ ಹೆಚ್ಚು ಎತ್ತರ ಇರುತ್ತೇವೆ. ಎದ್ದ ಮೊದಲ ಗಂಟೆಯಲ್ಲಿ ಡಿಸ್ಕು ನೀರು ಕುಡಿದು ಬಿಗಿದಿರುತ್ತದೆ. ಆಗ ಬಗ್ಗಿ ಭಾರ ಎತ್ತಿದರೆ ಅದಕ್ಕೆ ತಗಲುವ ಪೆಟ್ಟು ದೊಡ್ಡದು. ನಮ್ಮ ಮನೆಗಳಲ್ಲಿ ಹೆಂಗಸರು ಕಸ ಗುಡಿಸುವುದು, ನೀರು ಎತ್ತುವುದು, ಅಂಗಳ ಸಾರಿಸುವುದು ಎಲ್ಲ ಆ ಮೊದಲ ಗಂಟೆಯಲ್ಲೇ.

ಇನ್ನೊಬ್ಬ ತಜ್ಞರಿಗೂ ತೋರಿಸೋಣ ಎಂದು ಮನೆಯವರು ಕರೆದುಕೊಂಡು ಹೋದರು. ಅವರು ಫಿಲ್ಮನ್ನು ಬೆಳಕಿಗೆ ಹಿಡಿದು, "ಇನ್ನು ಜೀವನಪೂರ್ತಿ ಬಗ್ಗಬೇಡಿ, ಮೂರು ಕಿಲೋಗಿಂತ ಹೆಚ್ಚು ಎತ್ತಬೇಡಿ" ಎಂದರು. ಒಂದೂವರೆ ನಿಮಿಷದ ಭೇಟಿ. ಆ ಮಾತು ಸಿಲಿಂಡರಿಗಿಂತ ಭಾರವಾಗಿತ್ತು. ಹಾಸಿಗೆಯಿಂದ ಏಳಲು ಹೆದರಿದೆ, ಬಚ್ಚಲಿಗೆ ಹೋಗಲು ಹೆದರಿದೆ, ಬಿದ್ದ ಬಾಚಣಿಗೆಯನ್ನು ನೋಡುತ್ತ ಕೂತೆ. ಬೆನ್ನನ್ನು ಹಲಗೆಯಂತೆ ಬಿಗಿಹಿಡಿದು ಓಡಾಡಿ, ಸಂಜೆಯ ಹೊತ್ತಿಗೆ ಕತ್ತಿನ ತನಕ ನೋಯುತ್ತಿತ್ತು. ಸೊಂಟನೋವೇ ಇಲ್ಲದ 98 ಜನರನ್ನು ಎಂಆರ್‌ಐ ಮಾಡಿ ನೋಡಿದಾಗ ಶೇಕಡಾ 52 ಮಂದಿಯಲ್ಲಿ ಒಂದಾದರೂ ಡಿಸ್ಕು ಉಬ್ಬಿತ್ತು ಎಂದು 1994ರಲ್ಲೇ ಅಮೆರಿಕದ ವೈದ್ಯಪತ್ರಿಕೆಯಲ್ಲಿ ಪ್ರಕಟವಾಗಿದೆ. ನನ್ನದು ಬರೀ ಉಬ್ಬಿದ್ದಲ್ಲ, ನರಕ್ಕೇ ತಾಗಿತ್ತು, ನಿಜ. ಆದರೂ ಆ ಒಂದೂವರೆ ನಿಮಿಷದಲ್ಲಿ ಯಾರಾದರೂ ಇಷ್ಟನ್ನು ಹೇಳಿದ್ದರೆ ಮೂರು ವಾರದ ನಿದ್ದೆ ಉಳಿಯುತ್ತಿತ್ತು. ಚಿತ್ರದಲ್ಲಿ ಕಂಡದ್ದನ್ನು ಹೇಳುವವರು ಮುಂದೆ ಕೂತವರ ಮುಖವನ್ನೂ ನೋಡಬೇಕು. ಇದನ್ನು ನಾನು ಕೋಪದಿಂದಲೇ ಹೇಳುತ್ತಿದ್ದೇನೆ.

ಫಿಸಿಯೋಥೆರಪಿ ಮಾಡಿಸಿದವಳು ಧಾರವಾಡದ ಕಡೆಯ ಹುಡುಗಿ; ನನ್ನ ಮೊದಲ ಬ್ಯಾಚಿನ ಮಕ್ಕಳ ವಯಸ್ಸು. ಮೊದಲ ದಿನ ನಾನು, ನೋವು ಹತ್ತಕ್ಕೆ ಎಂಟು ಇದೆ, ರಾತ್ರಿ ಒಂಬತ್ತಾಗುತ್ತದೆ ಎಂದು ಅಂಕ ಕೊಡತೊಡಗಿದೆ. ಅವಳು ತಡೆದಳು.

"ಎಷ್ಟೈತಿ ಅಂತ ಕೇಳಾಕತ್ತಿಲ್ರಿ ಅಕ್ಕಾರ. ಎಲ್ಲೈತಿ ಹೇಳ್ರಿ."

ಎಲ್ಲಿ? ಅಲ್ಲಿಯ ತನಕ ಯಾರೂ ಹಾಗೆ ಕೇಳಿರಲಿಲ್ಲ. ನಾನೂ ಕೇಳಿಕೊಂಡಿರಲಿಲ್ಲ. ಒಂದು ಹಾಳೆಯ ಮೇಲೆ ಮನುಷ್ಯಾಕೃತಿಯ ಮುಂಭಾಗ, ಹಿಂಭಾಗ ಅಚ್ಚಾಗಿತ್ತು. ನೋವಿಗೆ ಕೆಂಪು ಪೆನ್ನು, ಜೋಮಿಗೆ ನೀಲಿ. ಕೆಂಪು ಸೊಂಟದಲ್ಲಿ ತೆಳ್ಳಗಿದ್ದು ಮೀನಖಂಡದಲ್ಲಿ ದಟ್ಟವಾಯಿತು. ಕಿರುಬೆರಳು ಪೂರ್ತಿ ನೀಲಿ. ಬರೆಯುತ್ತಾ ಹೋದಂತೆ ಮಾತುಗಳೂ ಬೇರೆಬೇರೆಯಾದವು: ತೊಡೆಯಲ್ಲಿ ಸೆಳೆತ, ಮೀನಖಂಡದಲ್ಲಿ ಕೊರೆತ, ಪಾದದಲ್ಲಿ ಉರಿ, ಬೆರಳಲ್ಲಿ ಜೋಮು, ಕೆಮ್ಮಿದರೆ ಚಳುಕು. ಇಪ್ಪತ್ತು ದಿನ ಒಂದೇ ಮುದ್ದೆಯಾಗಿ ನನ್ನ ಮೇಲೆ ಕೂತಿದ್ದದ್ದು ಹಾಳೆಯ ಮೇಲೆ ಬಿಡಿಬಿಡಿಯಾಗಿ ಬಿತ್ತು. ಆ ಹಾಳೆಯನ್ನು ನೋಡುವಾಗ ನನಗೆ ಮೊದಲ ಬಾರಿಗೆ ಧೈರ್ಯ ಬಂತು.

ಆಮೇಲೆ ಅವಳು ಬೋರಲು ಮಲಗಲು ಹೇಳಿದಳು. ಅಷ್ಟೇ. ಐದು ನಿಮಿಷ ಮಲಗಿದ ಮೇಲೆ ಮೊಣಕೈ ಊರಿ ಎದೆ ಎತ್ತುವುದು. ಅದು ಒಗ್ಗಿದ ಮೇಲೆ ಅಂಗೈ ಊರಿ ಕೈ ನೇರ ಮಾಡುವುದು. ನೋಡುವವರಿಗೆ ಇದು ಭುಜಂಗಾಸನ. ಆದರೆ ಆಸನದಲ್ಲಿ ಎದೆಯನ್ನು ಎತ್ತುವುದು ಬೆನ್ನಿನ ಬಲ. ಇಲ್ಲಿ ದುಡಿಯುವುದು ಕೈ ಮಾತ್ರ, ಸೊಂಟ ಸಡಿಲವಾಗಿ ಚಾಪೆಗೆ ಇಳಿಬಿದ್ದಿರಬೇಕು. ಒಂದು ಸಲಕ್ಕೆ ಹತ್ತು, ಎರಡು ಗಂಟೆಗೊಮ್ಮೆ. "ಸೊಂಟಕ್ಕ ಹೆಚ್ಚಾದ್ರ ಅಂಜಬ್ಯಾಡ್ರಿ. ಕಾಲಿಗೆ ಇಳದ್ರ ನಿಲ್ಲಸ್ರಿ" ಎಂದಳು. ಈ ವ್ಯಾಯಾಮದ ಹುಟ್ಟಿನ ಕಥೆಯನ್ನೂ ಅವಳೇ ಹೇಳಿದ್ದು. 1956ರಲ್ಲಿ ನ್ಯೂಜಿಲೆಂಡಿನ ವೆಲಿಂಗ್ಟನ್ನಿನಲ್ಲಿ ರಾಬಿನ್ ಮೆಕೆಂಜಿ ಎಂಬ ಫಿಸಿಯೋಥೆರಪಿಸ್ಟ್, ಕಾಲುನೋವಿನ ರೋಗಿಯೊಬ್ಬನಿಗೆ ಒಳಗೆ ಹೋಗಿ ಬೋರಲು ಮಲಗಿರಲು ಹೇಳಿದರು. ಹಿಂದಿನ ರೋಗಿಗಾಗಿ ಟೇಬಲ್ಲಿನ ತಲೆಯ ಭಾಗವನ್ನು ಎತ್ತಿದ್ದರು, ಇಳಿಸಿರಲಿಲ್ಲ. ಅವನು ಸೊಂಟ ಹಿಂದಕ್ಕೆ ಬಾಗಿದ ಆ ಭಂಗಿಯಲ್ಲೇ ಕೆಲವು ನಿಮಿಷ ಮಲಗಿದ್ದ. ಮೆಕೆಂಜಿ ಬಂದು ನೋಡಿ ಗಾಬರಿಯಾದರೆ, ಕಾಲಿನ ನೋವು ಹೋಗಿದೆ ಎಂದ ಅವನು. ಹಾಗೆ ಮಲಗಬಾರದು ಎಂಬುದು ಆ ಕಾಲದ ನಂಬಿಕೆ. ಮೆಕೆಂಜಿ ಆ ನಂಬಿಕೆಯ ಕಡೆಗೆ ವಾಲದೆ ರೋಗಿಯ ಮಾತನ್ನು ನಂಬಿದರು. ಮುಂದೆ ಬದುಕಿಡೀ ರೋಗಿಗಳನ್ನು ನೋವು ಎಲ್ಲಿಂದ ಎಲ್ಲಿಗೆ ಸರಿಯಿತು ಎಂದು ಕೇಳುತ್ತಾ ಹೋದರು. 2013ರಲ್ಲಿ ತೀರಿಕೊಂಡರು. ನಾನು ಕಾಣದ ಆ ಮನುಷ್ಯನ ಋಣ ನನ್ನ ಮೇಲಿದೆ.

ಪ್ರತಿ ರಾತ್ರಿ ಒಂದು ಹಾಳೆ ತುಂಬಿಸಿದೆ. ಮೊದಲ ವಾರ ಪಾದದ ಕೆಂಪು ಮಾಸಿತು. ಎರಡನೇ ವಾರ ಮೀನಖಂಡದ್ದು ಮಂಡಿಯ ಹಿಂದಕ್ಕೆ ಹತ್ತಿತು. ಸೊಂಟದ್ದು ಮಾತ್ರ ಮೊದಲಿಗಿಂತ ದಟ್ಟವಾಯಿತು. ಮನೆಯವರು ಹೆದರಿದರು, ಅಂಕದ ಲೆಕ್ಕದಲ್ಲಿ ನೋವು ಎಂಟೇ ಇತ್ತು. ಆದರೆ ಫಿಸಿಯೋ ಹುಡುಗಿ ಹಾಳೆಗಳನ್ನು ಸಾಲಾಗಿ ಇಟ್ಟುಕೊಂಡು ನಕ್ಕಳು. ನೋವು ಕಾಲಿನಿಂದ ಹಿಂದೆ ಸರಿದು ಸೊಂಟಕ್ಕೆ ಸೇರುವುದನ್ನು ಅವರು ಒಳ್ಳೆಯ ಲಕ್ಷಣವೆಂದೇ ಎಣಿಸುತ್ತಾರೆ. ಊರು ಬಿಟ್ಟು ಅಲೆಯುತ್ತಿದ್ದದ್ದು ಹಳ್ಳ ದಾಟಿ, ಗದ್ದೆಯಂಚು ಹಿಡಿದು, ಮನೆಯಂಗಳಕ್ಕೆ ಬರುವುದನ್ನು ಜಗಲಿಯಲ್ಲಿ ಕೂತು ನೋಡಿದಂತೆ ನಾನು ಆ ಹಾಳೆಗಳನ್ನು ನೋಡುತ್ತಿದ್ದೆ.

ಐದನೇ ವಾರ ಸಾಗರದಲ್ಲಿ ಒಂದು ಮದುವೆ. ತಪ್ಪಿಸುವಂತಿರಲಿಲ್ಲ. ಹೋಗಿ ಬರಲು ಬಸ್ಸಿನಲ್ಲಿ ಎರಡೆರಡು ಗಂಟೆ, ನಡುವೆ ಕುರ್ಚಿಯಲ್ಲಿ ಮೂರು ಗಂಟೆ. ನಿಂತಾಗಿನದ್ದಕ್ಕಿಂತ ಆಸರೆಯಿಲ್ಲದೆ ಕೂತಾಗ ಡಿಸ್ಕಿನ ಮೇಲೆ ಒತ್ತಡ ಹೆಚ್ಚು ಎಂದು ಸ್ವೀಡನ್ನಿನ ನ್ಯಾಕೆಮ್ಸನ್ 1960ರ ದಶಕದಲ್ಲಿ ಡಿಸ್ಕಿನೊಳಗೇ ಸೂಜಿಯಿಟ್ಟು ಅಳೆದಿದ್ದರಂತೆ. ರಸ್ತೆಯ ಉಬ್ಬು ಬಂದಾಗಲೆಲ್ಲ ಎರಡೂ ಕೈಯಿಂದ ಸೀಟು ಒತ್ತಿ ಮೈ ಎತ್ತಿಕೊಂಡೆ. ರಾತ್ರಿ ಕೆಂಪು ಮತ್ತೆ ಮೀನಖಂಡಕ್ಕೆ ಇಳಿದಿತ್ತು. ಹಾಳೆ ತುಂಬಿಸಲು ಮನಸ್ಸಾಗದೆ ಅತ್ತು, ಆಮೇಲೆ ತುಂಬಿಸಿದೆ. ಮರುದಿನ ಫಿಸಿಯೋ ಹುಡುಗಿ ಹಳೆಯ ಹಾಳೆಯನ್ನೂ ಹೊಸ ಹಾಳೆಯನ್ನೂ ನೋಡಿ, "ಬಂದ ಹಾದಿ ಅದಕ್ಕ ಗೊತ್ತೈತ್ರಿ ಅಕ್ಕಾರ, ಹೊಳ್ಳಿ ಬರ್ತೈತಿ" ಎಂದಳು. ನಾಲ್ಕೇ ದಿನದಲ್ಲಿ ಬಂತು. ಮೊದಲ ಸಲ ಅದೇ ದಾರಿಗೆ ಹದಿನೇಳು ದಿನ ಹಿಡಿದಿತ್ತು.

ಮಾರ್ಚಿನಲ್ಲಿ ಬಗ್ಗುವುದನ್ನು ಕಲಿಸಿದಳು. ಜೀವನಪೂರ್ತಿ ಬಗ್ಗಬೇಡಿ ಎಂದದ್ದನ್ನು ಹೇಳಿದೆ. ಅವಳು ಅದಕ್ಕೆ ಉತ್ತರ ಕೊಡಲಿಲ್ಲ. ಒಂದು ಕೋಲು ತಂದು ನನ್ನ ಬೆನ್ನುದ್ದಕ್ಕೆ ಹಿಡಿಸಿದಳು. ತಲೆಯ ಹಿಂಭಾಗ, ಹೆಗಲುಗಳ ನಡುವು, ಬಾಲದ ಮೂಳೆ, ಈ ಮೂರೂ ಕಡೆ ಕೋಲು ತಾಗಿರಬೇಕು. ಮಂಡಿ ತುಸು ಸಡಿಲಿಸಿ ಪೃಷ್ಠವನ್ನು ಹಿಂದಕ್ಕೆ ತಳ್ಳುತ್ತಾ ಹೋದರೆ ಮೈ ತೊಡೆಸಂದಿನಲ್ಲಿ ಮಡಚಿಕೊಳ್ಳುತ್ತದೆ, ಸೊಂಟದಲ್ಲಿ ಅಲ್ಲ. ಮನೆಯಲ್ಲಿ ಪೊರಕೆಯ ಹಿಡಿಯನ್ನು ಬೆನ್ನಿಗಿಟ್ಟು ಅಭ್ಯಾಸ ಮಾಡುತ್ತಿದ್ದಾಗ, ನನ್ನ ಆರೈಕೆಗೆಂದು ಬಂದಿದ್ದ ಅಮ್ಮ ಬಾಗಿಲಲ್ಲಿ ನಿಂತು ನೋಡಿದಳು.

"ಎಂತದೇ ಮಾರಾಯ್ತಿ ಇದು? ಅಂಗಳ ಗುಡಿಸೋಕೆ ಕೋಲು ಬೇಕಾ?"

ಎಂದವಳು ಪೊರಕೆ ಇಸಿದುಕೊಂಡು ಗುಡಿಸತೊಡಗಿದಳು. ನಾನು ನೋಡುತ್ತಾ ನಿಂತೆ. ಎಪ್ಪತ್ತಮೂರು ವರ್ಷದ ಅವಳ ಬೆನ್ನು ಮಣೆಯಂತೆ ಸಪಾಟಾಗಿತ್ತು, ಮಡಿಕೆ ತೊಡೆಸಂದಿನಲ್ಲೇ. ಐವತ್ತು ಮಳೆಗಾಲ ನಾಟಿಗದ್ದೆಯಲ್ಲಿ ನಿಂತ ಮೈ ಅದು. ನನಗೆ ಕೋಲು ಹಿಡಿದು ಕಲಿಸಬೇಕಾದದ್ದು ಅವಳ ಮೈಯಲ್ಲಿ ಇತ್ತು. ನಾನು ಎಂಟನೇ ತರಗತಿಗೆ ಹಾಸ್ಟೆಲ್ಲಿಗೆ ಹೋದೆ, ಆಮೇಲೆ ಕುರ್ಚಿ, ಮೇಜು, ಬಸ್ಸು. ಹಾಗೆಂದು ಹಳೆಯ ದುಡಿಮೆಯನ್ನು ಹೊಗಳಿ ಮುಗಿಸಲಾರೆ. ಆ ಗದ್ದೆಗಳಲ್ಲಿ ಬಗ್ಗಿದ ಎಷ್ಟೋ ಹೆಂಗಸರ ಸೊಂಟ ಮತ್ತೆ ನೆಟ್ಟಗಾಗಲಿಲ್ಲ, ಅವರಿಗೆ ಕೂಲಿ ಬಿಟ್ಟು ಮಲಗುವ ಅನುಕೂಲವೂ ಇರಲಿಲ್ಲ.

ಉಳಿದದ್ದೆಲ್ಲ ದಿನದಿನದ ಕೆಲಸ. ಅಂಗಾತ ಮಲಗಿ ಮಂಡಿ ಮಡಚಿ ಸೊಂಟವನ್ನು ಸೇತುವೆಯಂತೆ ಎತ್ತುವುದು. ಅಂಬೆಗಾಲಿನಲ್ಲಿ ನಿಂತು ಬಲಗೈ, ಎಡಗಾಲನ್ನು ಒಟ್ಟಿಗೆ ಚಾಚುವುದು. ಬೆಳಿಗ್ಗೆ, ಸಂಜೆ ನಡೆಯುವುದು. ಬೆಳಿಗ್ಗೆ ಎದ್ದ ಒಂದು ಗಂಟೆ ಬಗ್ಗುವ ಕೆಲಸ ಮಾಡದಿರುವುದು. ಕಸ ಗುಡಿಸುವುದು ಈಗ ನಮ್ಮ ಮನೆಯಲ್ಲಿ ಏಳರ ಮೇಲೆ, ಅದೂ ಮನೆಯವರ ಪಾಲಿಗೆ. ಹಿಮ್ಮಡಿಯ ಪರೀಕ್ಷೆ ಮಾತ್ರ ನನ್ನ ಪಾಲಿಗೆ ಬಹಳ ದೊಡ್ಡದು. ಗೋಡೆಗೆ ಎರಡು ಬೆರಳು ತಾಗಿಸಿ ಎಡಗಾಲೊಂದರ ಮೇಲೆ ನಿಂತು ಹಿಮ್ಮಡಿ ಎತ್ತಬೇಕು. ಜನವರಿಯಲ್ಲಿ ಸೊನ್ನೆ. ಮಾರ್ಚಿನಲ್ಲಿ ಮೂರು. ಏಪ್ರಿಲ್ ಕೊನೆಗೆ ಹನ್ನೊಂದು. ನರದ ಚೇತರಿಕೆ ನೋವಿಗಿಂತ ನಿಧಾನ. ಹೊರಗೆ ಬಂದ ತಿರುಳನ್ನು ಎಷ್ಟೋ ಜನರಲ್ಲಿ ಮೈಯ ರಕ್ಷಕ ಕೋಶಗಳೇ ಬಂದು ಮೆಲ್ಲಮೆಲ್ಲನೆ ಕರಗಿಸುತ್ತವೆ. ದೊಡ್ಡದಾಗಿ ಹೊರಬಿದ್ದದ್ದೇ ಹೆಚ್ಚು ಚೆನ್ನಾಗಿ ಕರಗುವುದೂ ಉಂಟು. ವ್ಯಾಯಾಮ ಅದನ್ನು ಒಳಗೆ ನೂಕಿತೋ, ಮೈಯೇ ಕರಗಿಸುವಷ್ಟು ಕಾಲ ನನ್ನನ್ನು ಚಲನೆಯಲ್ಲಿ ಇಟ್ಟಿತೋ, ಯಾವುದಾದರೂ ಸರಿ. ನಾನು ಚಾಪೆಯ ಮೇಲೆ ಎಣಿಸುತ್ತಿದ್ದಾಗ ಒಳಗೂ ಯಾರೋ ದುಡಿಯುತ್ತಿದ್ದರು ಎಂಬುದನ್ನು ನೆನೆದರೆ ಕೃತಜ್ಞತೆಯಿಂದ ಕಣ್ಣು ತುಂಬುತ್ತದೆ. ಜೂನಿನಲ್ಲಿ ಶಾಲೆ ಶುರುವಾದಾಗ ತಾರೀಖು ಮತ್ತೆ ಎಡಮೂಲೆಗೆ ಹೋಯಿತು. ಕಿರುಬೆರಳು ಇವತ್ತಿಗೂ ಅರ್ಧ ನೀಲಿ.

ಜುಲೈಯಲ್ಲಿ ಊರಿಗೆ ಹೋಗಿದ್ದೆ. ನಾಟಿಯ ದಿನಗಳು. ಅಮ್ಮ ಈಗ ಗದ್ದೆಗೆ ಇಳಿಯಬೇಕಾಗಿಲ್ಲ, ಆದರೂ ಇಳಿಯುತ್ತಾಳೆ. ರಾತ್ರಿ ಒಲೆಯ ಮುಂದೆ ಕೂತು, "ಸೊಂಟ ಹಿಡಿದದೆ, ಸ್ವಲ್ಪ ಎಣ್ಣೆ ತಿಕ್ಕು" ಎಂದಳು. ವರ್ಷ ವರ್ಷ ಕೇಳಿದ ಮಾತು. ಎಣ್ಣೆ ಬಿಸಿಗಿಟ್ಟು ಕೇಳಿದೆ:

"ಎಲ್ಲಿ ನೋಯ್ತದೆ ಅಮ್ಮ?"

"ಸೊಂಟ ಅಂದ್ನಲ್ಲ."

"ಬೆರಳಿಟ್ಟು ತೋರಿಸು."

ಅವಳು ಸುಮ್ಮನಾದಳು. ಆಮೇಲೆ ಬೆರಳನ್ನು ಸೊಂಟಕ್ಕಿಟ್ಟು, ನಿಧಾನವಾಗಿ ಪೃಷ್ಠಕ್ಕೆ, ತೊಡೆಗೆ, ಎರಡೂ ಮೀನಖಂಡಗಳಿಗೆ ಇಳಿಸಿದಳು. ನೆಟ್ಟಗೆ ನಡೆದರೆ ಅಂಗಡಿಯ ತನಕ ಹೋಗುವಷ್ಟರಲ್ಲಿ ಕಾಲು ಸೋತು ಬರುತ್ತದಂತೆ. ಕಟ್ಟೆಯ ಮೇಲೆ ಕೂತರೆ ಹೋಗುತ್ತದಂತೆ. "ನಾಟಿ ಮಾಡುವಾಗ ಎಂತದೂ ಇಲ್ಲ. ಬಗ್ಗಿದ್ರೆ ಹಾಯ್ ಅನ್ನಿಸ್ತದೆ. ಅದಕ್ಕೇ ಅಲ್ದನಾ ಗದ್ದೆಗೆ ಹೋಗೋದು." ಎಷ್ಟು ವರ್ಷದಿಂದ ಎಂದರೆ, ನಿನ್ನಪ್ಪ ಇದ್ದಾಗಿಂದ ಎಂದಳು. ಅಪ್ಪ ಹೋಗಿ ಆರು ವರ್ಷ.

ಚಾಪೆ ಹಾಸಿ ಬೋರಲು ಮಲಗಿಸೋಣ ಎಂದು ಕೈ ಮುಂದಾಯಿತು. ತಡೆದು, ಮಳೆಯಲ್ಲಿ ಸಿಗ್ನಲ್ಲು ಸಿಗುವ ದಣಪೆಯ ಹತ್ತಿರ ಹೋಗಿ ಫಿಸಿಯೋ ಹುಡುಗಿಗೆ ಫೋನು ಮಾಡಿದೆ. ಅವಳು ಎಲ್ಲ ಕೇಳಿಸಿಕೊಂಡು, "ಅವರನ್ನ ಬೋರಲ ಮಲಗಸಬ್ಯಾಡ್ರಿ. ಬಗ್ಗಿದ್ರ ಹಗರ ಆಗ್ತೈತಿ ಅಂದ್ರ ಅದು ಬ್ಯಾರೆ. ವಯಸ್ಸಾದವರಿಗೆ ನರದ ಹಾದಿನ ಇಕ್ಕಟ್ಟ ಆಗಿರ್ತೈತ್ರಿ. ನಿಮ್ಮ ಹಾದಿ ಅವರದಲ್ಲ. ಕರಕೊಂಡ ಬರ್ರಿ, ಡಾಕ್ಟರೂ ನೋಡ್ಲಿ, ನಾನೂ ನೋಡ್ತೀನಿ" ಎಂದಳು.

ಒಳಗೆ ಬಂದು ಮುಂದಿನ ಸೋಮವಾರ ಶಿವಮೊಗ್ಗಕ್ಕೆ ಹೋಗೋಣ ಎಂದೆ. ಅಮ್ಮ ಒಲೆಯ ಕೆಂಡ ಕೆದಕುತ್ತಾ ಕೆಳಗಿನ ಎರಡು ಮಡಿ ಗದ್ದೆ ಅಷ್ಟರೊಳಗೆ ಮುಗಿಯುತ್ತದೋ ಇಲ್ಲವೋ ಎಂದು ಲೆಕ್ಕ ಹಾಕತೊಡಗಿದಳು.